ಮಾವನ ನಾಲ್ಕು ಜಪಾನಿ ಬಟ್ಟಲುಗಳು

ಮಾವ ನಡೆಯುವಾಗ ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದುಕೊಂಡು, ಒಂದು ಭುಜ ಓರೆ ಮಾಡಿಕೊಂಡು ನಡೆಯುತ್ತಿದ್ದರು. ಪುತ್ತೂರಿನ ಸೋಮವಾರದ ಸಂತೆಯಲ್ಲಾದರೆ ಸರಿ, ಜನ ಮೈಮೇಲೆ ಬೀಳುತ್ತಾರೆ. ಆದರೆ ಕೊಯ್ಲು ಮುಗಿದ ಬಯಲಿನಲ್ಲಿ, ಸುತ್ತ ಒಂದು ಕರು ಕೂಡ ಇಲ್ಲದ ಜಾಗದಲ್ಲಿ ಸಹ ಅವರ ನಡಿಗೆ ಹಾಗೆಯೇ ಇರುತ್ತಿತ್ತು, ಎರಡು ಕಪಾಟುಗಳ ನಡುವೆ ಅಡ್ಡ ಹಾಯುವವರ ಹಾಗೆ. ಎಡಗಡೆಯೂ ಬಲಗಡೆಯೂ ಒಡೆಯುವ ವಸ್ತುಗಳನ್ನೇ ಇಟ್ಟುಕೊಂಡು ಬದುಕಿದ ಮನುಷ್ಯ. ಗಾಳಿಯನ್ನೂ ತಾಗದೆ ಹೋಗುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು.

ಅವರು ನನ್ನ ಅಮ್ಮನ ತಮ್ಮ. ಮೀಸೆ ಮೂಡುವ ವಯಸ್ಸಿಗೆ ಮನೆಯಲ್ಲಿ ಜಗಳ ಮಾಡಿ ಬೊಂಬಾಯಿಗೆ ಹೋದವರು, ಅಲ್ಲಿ ಜಪಾನಿನ ಹಳೆಯ ಕರಕುಶಲ ವಸ್ತುಗಳನ್ನು ಮಾರುವ ಒಂದು ಅಂಗಡಿಯಲ್ಲಿ ಧೂಳು ಒರೆಸುವ ಕೆಲಸಕ್ಕೆ ಸೇರಿದರು. ಒರೆಸುತ್ತ ಒರೆಸುತ್ತ ವಸ್ತುಗಳ ಗುರುತು ಹತ್ತಿತು. ಅಂಗಡಿಯ ಯಜಮಾನ ಜಪಾನಿನವನೇ. ಮಹಾಯುದ್ಧದಲ್ಲಿ ಜಪಾನು ಬ್ರಿಟಿಷರ ಶತ್ರುವಾದಾಗ ಒಂದು ದಿನ ಅವನನ್ನು ಪೊಲೀಸರು ಕರೆದುಕೊಂಡು ಹೋದರು, ಅಂಗಡಿಗೆ ಬೀಗ ಬಿತ್ತು. ಮಾವ ಒಂದು ತಗಡಿನ ಪೆಟ್ಟಿಗೆ ಹೊತ್ತು ಊರಿಗೆ ಮರಳಿದರು. ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಬೈಹುಲ್ಲೇ ಹೆಚ್ಚಿತ್ತಂತೆ. ಹುಲ್ಲಿನ ಒಳಗೆ ಒಂದು ಕಂಚಿನ ಕೊಕ್ಕರೆ, ಮರಕ್ಕೆ ಕಪ್ಪು ಅರಗು ಬಳಿದ ಒಂದು ತಟ್ಟೆ.

"ಬೊಂಬಾಯಲ್ಲಿ ಅಷ್ಟು ವರ್ಷ ದುಡಿದು ಹುಲ್ಲು ತಂದಿದ್ದಾನೆ. ಅದು ನಮ್ಮ ದನದ ಹಟ್ಟಿಯಲ್ಲಿ ಇರಲಿಲ್ವಾ?" ಎಂದು ಅಜ್ಜ ಹೇಳಿದ್ದು ನಮ್ಮ ಮನೆಯಲ್ಲಿ ಇಂದಿಗೂ ಗಾದೆಯ ಹಾಗೆ ಓಡಾಡುತ್ತದೆ.

ತೋಟದ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟು ಮಾವ ಪುತ್ತೂರಿನ ಪೇಟೆಯಲ್ಲಿ ಲಾಟೀನಿನ ಗ್ಲಾಸುಗಳ ಅಂಗಡಿ ಇಟ್ಟರು. ಮದುವೆಯಾಗಲಿಲ್ಲ. ಸುಳ್ಯದಿಂದ, ಕಡಬದಿಂದ, ಇನ್ನೂ ಕರೆಂಟಿನ ಕಂಬ ನೋಡದ ಊರುಗಳಿಂದ ಜನ ಗ್ಲಾಸಿಗೆ ಬರುತ್ತಿದ್ದರು. ಮಾವ ಒಂದೊಂದನ್ನೂ ಹುಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಹೇಗೆ ಹಿಡಿಯಬೇಕೆಂದು ಹೇಳಿಕೊಟ್ಟು ಕಳಿಸುತ್ತಿದ್ದರು. "ಮಡಿಲಲ್ಲಿ ಇಡಿ, ಸೀಟಿನ ಅಡಿಗೆ ಬೇಡ. ಬೆಳ್ಳಾರೆ ಇಳಿಜಾರಿನಲ್ಲಿ ಡ್ರೈವರ್ರು ಬಸ್ಸನ್ನು ದೇವರಿಗೆ ಬಿಟ್ಟುಬಿಡ್ತಾರೆ." ಅಂಗಡಿಯ ಹಿಂದೆ ಒಂದು ಕೋಣೆ, ಸುತ್ತಿನ ಮನೆಗಳಿಂದ ಮಾವ ಕೂಡಿಸಿದ ಜಪಾನಿ ವಸ್ತುಗಳಿಗೇ. ಊರಿನವರು ಅದಕ್ಕೆ ಇಟ್ಟ ಹೆಸರು "ಜಪಾನು."

ಶಾಲೆ ಮುಗಿಸಿ ನಾನು ಪುತ್ತೂರಿಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಕ್ಲಾಸು ಮುಗಿದು ಕಬಕದ ಬಸ್ಸು ಬರುವವರೆಗೆ ಮಾವನ ಅಂಗಡಿಯಲ್ಲಿ ಕೂರುವುದು. ಹಾಗೆ ಕೂತೇ ನನಗೆ ಜಪಾನಿನ ಹುಚ್ಚು ಹಿಡಿದದ್ದು. ಬೊಂಬಾಯಿಂದ ತಂದಿದ್ದ, ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕ ಅವರಲ್ಲಿತ್ತು. ಡಿಕ್ಷನರಿ ಪಕ್ಕದಲ್ಲಿ ಇಟ್ಟುಕೊಂಡು ಅದನ್ನು ನಾನೇ ಓದಿದೆ. ಓದಿದ್ದಕ್ಕಿಂತ ಕೇಳಿದ್ದು ಹೆಚ್ಚು. ಇದು ಯಾವ ಮಣ್ಣು, ಈ ಕೆಂಪು ಹೇಗೆ ಬಂತು, ಕೊಕ್ಕರೆ ಯಾಕೆ ಒಂದೇ ಕಾಲಲ್ಲಿ. ಮಾವ ಕಣ್ಣು ಮುಚ್ಚಿಕೊಂಡೇ ಉತ್ತರ ಕೊಡುತ್ತಿದ್ದರು.

"ಮೆಲ್ಲ ಕೇಳು ಮಾರಾಯ್ತಿ. ಜಪಾನು ಎಲ್ಲಿಗೂ ಓಡುದಿಲ್ಲ."

ಅವರು ಯಾವಾಗಲೂ ದಣಿದವರ ಹಾಗೆ ಮಾತಾಡುತ್ತಿದ್ದರು. ಬೆಳಗ್ಗೆ ಅಂಗಡಿ ತೆರೆದ ಕೂಡಲೇ ಹಳೆಯ ಮುಂಡುಪಂಚೆಯ ಮೆತ್ತನೆ ತುಂಡು ಹಿಡಿದು ಹಿಂದಿನ ಕೋಣೆಗೆ ಹೋಗುವುದು. ಅರಗಿನ ತಟ್ಟೆಗೆ ನಮ್ಮ ಮಳೆಗಾಲ ಒಳ್ಳೆಯದೇ, ಒಣ ಹವೆಯಲ್ಲಿ ಅದು ಬಿರಿಯುತ್ತದೆ. ಇಡೀ ಪುತ್ತೂರಿನಲ್ಲಿ ಆಷಾಢ ಬಂತೆಂದು ಸುಖಪಡುವ ವಸ್ತು ಅದೊಂದೇ. ಆದರೆ ಮರದ ಪೆಟ್ಟಿಗೆಗಳಿಗೆ ಬೂಸಲು ಹಿಡಿಯುತ್ತಿತ್ತು, ರೇಷ್ಮೆ ಚೀಲಗಳಿಗೆ ಹುಳ. ಒರೆಸುತ್ತ ಅವರು ಹೇಳುತ್ತಿದ್ದ ಒಂದು ಮಾತು ಉಂಟು, "ಒಂದು ವಸ್ತು ತರುದು ಒಂದು ದಿನದ ಕೆಲಸ ಕೂಸೇ. ಒರೆಸುದು ಸಾಯುವವರೆಗಿನ ಕೆಲಸ. ತರುವ ದಿನ ಅದು ಯಾರಿಗೂ ನೆನಪಾಗುದಿಲ್ಲ."

ಇನ್ನೊಂದು ಮಾತು, "ಮೊದಲು ಮಗುಚಿ ನೋಡು. ಮೇಲೆ ಚಂದ ಮಾಡ್ಲಿಕ್ಕೆ ಎಲ್ಲರಿಗೂ ಬರ್ತದೆ. ಅಡಿಯಲ್ಲಿ ಸುಳ್ಳು ಹೇಳುವವರು ಕಡಿಮೆ."

ಇಲ್ಲಿಗೆ ಜಪಾನಿನ ವಸ್ತು ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಕೊಡಗಿನ ಕಾಫಿ ತೋಟದ ಬಿಳಿಯರು ಬಂಗಲೆ ಖಾಲಿ ಮಾಡಿ ಹೋಗುವಾಗ ಹರಾಜಿಗೆ ಹಾಕಿದ ಸಾಮಾನುಗಳು ಸಂಪಾಜೆ ಘಾಟಿ ಇಳಿದು ಸುಳ್ಯದ ಮನೆಗಳಿಗೆ ಬಂದಿದ್ದವು. ಅಡಿಕೆ ವ್ಯಾಪಾರಕ್ಕೆ ಬೊಂಬಾಯಿಗೆ ಹೋದ ಹಿರಿಯರು ತಂದದ್ದಿತ್ತು, ರಂಗೂನಿನಿಂದ ಬಂದವರ ಪೆಟ್ಟಿಗೆಯಲ್ಲಿ ಬಂದದ್ದಿತ್ತು. ಬಂದ ಮೇಲೆ ಏನಾಯಿತು ಎಂಬುದೇ ವಿಷಯ. ನಮ್ಮಂಥ ಮಡಿಯ ಮನೆಗಳಲ್ಲಿ ಪಿಂಗಾಣಿ ಒಳಗೆ ಬರುವ ಹಾಗಿಲ್ಲ. ಅದಕ್ಕೆ ಎಲುಬಿನ ಪುಡಿ ಹಾಕುತ್ತಾರಂತೆ, ಅದರಲ್ಲಿ ಯಾರು ಯಾರು ಉಂಡಿದ್ದಾರೋ. ಹಿತ್ತಾಳೆಯಾದರೆ ಹುಣಸೆಹುಳಿ ಹಾಕಿ ಬೆಳಗಿದರೆ ಶುದ್ಧ, ಪಿಂಗಾಣಿಗೆ ಶುದ್ಧಿಯೇ ಇಲ್ಲ. ಹಾಗಾಗಿ ಮನೆಯಲ್ಲೇ ಅತಿ ನಾಜೂಕಾದ ವಸ್ತು ಮನೆಯ ಹೊರಗೆ ಇರುತ್ತಿತ್ತು.

"ಅಟ್ಟ ಹುಡುಕಿದ್ರೆ ಜೇಡರ ಬಲೆ ಮಾತ್ರ ಸಿಗುದು. ಹಟ್ಟಿ ಕಡೆ ಹೋಗು, ಬಚ್ಚಲು ನೋಡು," ಎಂದು ಮಾವ ನನಗೆ ಕಲಿಸಿದರು. ಗಂಡಸಾದ ಅವರು ಪರರ ಮನೆಯ ಹಿತ್ತಿಲಿಗೆ ನುಗ್ಗುವ ಹಾಗಿರಲಿಲ್ಲ. ನಾನು ಜೊತೆಗೆ ಹೋಗಲು ತೊಡಗಿದ ಮೇಲೆ ಆ ಕೆಲಸ ನನ್ನದಾಯಿತು.

ಬೆಳ್ಳಾರೆಯ ಒಂದು ಮನೆಯಲ್ಲಿ ಆದದ್ದನ್ನು ಹೇಳಲೇಬೇಕು. ಕೈಯಷ್ಟು ಎತ್ತರದ ಒಂದು ಭರಣಿ, ದಂತದ ಬಣ್ಣ, ಮೈತುಂಬ ಕೂದಲೆಳೆಯ ಹಾಗೆ ಬಿರುಕು. ಅದು ಪಿಂಗಾಣಿಯೋ ಸುಟ್ಟ ಮಣ್ಣೋ ಎಂದು ನೋಡಲು ಒಂದು ಉಪಾಯ ಉಂಟು. ಅಡಿಯ ಬಣ್ಣವಿಲ್ಲದ ಅಂಚಿಗೆ ನಾಲಿಗೆ ತುದಿ ಮುಟ್ಟಿಸಬೇಕು. ಮಣ್ಣಿನದಾದರೆ ನಾಲಿಗೆ ಸ್ವಲ್ಪ ಅಂಟುತ್ತದೆ. ಮಾವ ಯಾರೂ ನೋಡುತ್ತಿಲ್ಲವೆಂದು ಭರಣಿ ಎತ್ತಿ ಅಡಿಯನ್ನು ನೆಕ್ಕಿದರು. ಬಾಗಿಲ ಸಂದಿಯಲ್ಲಿ ಆ ಮನೆಯ ಅಜ್ಜಿ ನಿಂತಿದ್ದರು.

"ಎಂತ ಮಾರಾಯ್ರೆ, ಹಸಿವಾದ್ರೆ ಹೇಳ್ಬಾರದಾ? ನಮ್ಮಲ್ಲಿ ದೋಸೆ ಉಂಟು."

ಮಾವ ನಿಂತಲ್ಲೇ ಕರಗಿಹೋದರು. ಅಜ್ಜಿ ಬಿಡಲಿಲ್ಲ. "ಎಂಜಲು ಮಾಡಿದ್ರಲ್ಲ, ಇನ್ನು ಅದನ್ನು ನಾವು ಇಟ್ಕೊಳ್ಳಿಕ್ಕೆ ಉಂಟಾ? ತಕೊಂಡು ಹೋಗಿ."

ಹೀಗೆ ಆ ಭರಣಿ ನಮ್ಮದಾಯಿತು. ಬೇಕಾದ್ದಕ್ಕೆ ನಾಲಿಗೆ ತಾಗಿಸಿ ಮನೆಗೆ ಒಯ್ಯುತ್ತಾರೆ ಎಂದು ಬೆಳ್ಳಾರೆಯಿಂದ ಸುಳ್ಯದವರೆಗೆ ಸುದ್ದಿಯಾಯಿತು. ಕೆಲವು ಮನೆಗಳಲ್ಲಿ ಮಾವ ಬಂದರೆಂದರೆ ಮಕ್ಕಳು ಅವರ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದವು.

ಇನ್ನು ಆ ಬಟ್ಟಲುಗಳ ವಿಷಯ.

ಕಡಬದ ಕಡೆ ಐವರು ಅಣ್ಣತಮ್ಮಂದಿರ ಒಂದು ದೊಡ್ಡ ಕುಟುಂಬವಿತ್ತು. ಅವರ ತಂದೆ ಬೊಂಬಾಯಿಂದ ಐದು ಜಪಾನಿ ಬಟ್ಟಲುಗಳನ್ನು ತರಿಸಿದ್ದರು, ಕ್ಯಾಂಪಿಗೆ ಬರುವ ಕಾಡಿನ ಇಲಾಖೆಯ ದೊರೆಗಳಿಗೆ ಚಾವಡಿಯಲ್ಲಿ ಕಾಫಿ ಕೊಡಲಿಕ್ಕೆಂದು. ನೀಲಿ, ಕೆಂಪು, ಚಿನ್ನದ ಬಣ್ಣದಲ್ಲಿ ಸೇವಂತಿಗೆ ಹೂ ಬರೆದವು. ಇಮಾರಿ ಎಂದು ಹೆಸರು. ಮಾಡುವುದು ಬೇರೆ ಊರಿನಲ್ಲಿ, ಹಡಗು ಹತ್ತುವ ಬಂದರು ಇಮಾರಿ. "ಬೆಳೆಯುದು ನಾವು, ಮಾರುವಾಗ ಮಂಗಳೂರಡಿಕೆ. ಹಾಗೆಯೇ ಇದು," ಎನ್ನುತ್ತಿದ್ದರು ಮಾವ. ಜಪಾನಿನಲ್ಲಿ ಬಟ್ಟಲು ಐದಕ್ಕೊಂದು ಜೊತೆ. ಈ ಮನೆಯಲ್ಲಿ ಅಣ್ಣತಮ್ಮಂದಿರೂ ಐದು. ಪಾಲಾಗುವಾಗ ಪಂಚಾಯಿತಿಯವರಿಗೆ ಒಂದು ಕ್ಷಣ ಯೋಚಿಸುವ ಕೆಲಸವೂ ಬೀಳಲಿಲ್ಲ, ತಲೆಗೊಂದು. ಹಂಡೆ, ಕೊಪ್ಪರಿಗೆ, ಉರುಳಿಗಳ ಜೊತೆಗೆ ಒಂದೊಂದು ಬಟ್ಟಲು ಒಂದೊಂದು ಊರಿಗೆ ಹೋಯಿತು.

ಮಾವನಿಗೆ ಮೊದಲನೆಯದು ಸಿಕ್ಕಿದ್ದು ಎಲೆಯಡಿಕೆಯ ಸುಣ್ಣ ತುಂಬಿಕೊಂಡು, ಚಿನ್ನವೆಲ್ಲ ಸುಣ್ಣ ತಿಂದುಹೋಗಿ. ಎರಡನೆಯದು ಬಚ್ಚಲಿನಲ್ಲಿ ಅಂಟುವಾಳಕಾಯಿ ನೆನೆಹಾಕುವ ಪಾತ್ರೆಯಾಗಿತ್ತು, ಒಳಗೆಲ್ಲ ಕಂದು ಕರೆ. ಮೂರನೆಯದರಲ್ಲಿ ಬೆಕ್ಕು ಹಾಲು ಕುಡಿಯುತ್ತಿತ್ತು, ಅಂಚು ಮುಕ್ಕಾಗಿತ್ತು. ನಾಲ್ಕನೆಯದು ಕ್ಷೌರಕ್ಕೆ ನೀರು ಇಡುವುದು, ಮೈಯಲ್ಲಿ ಒಂದು ಬಿರುಕು. ಇವನ್ನು ಕೂಡಿಸಲು ಅವರಿಗೆ ವರ್ಷಗಳೇ ಬೇಕಾದವು. ಐದನೆಯದು ಪೆರಾಬೆಯಲ್ಲಿ, ಆ ಐವರಲ್ಲಿ ಕಿರಿಯವರ ಮನೆಯಲ್ಲಿ ಇರಬೇಕೆಂದು ಗೊತ್ತಿತ್ತು. ಆ ಮನೆಯ ಯಜಮಾನರು ಈಗ ಅವರ ಮಗ.

ಅಷ್ಟರಲ್ಲಿ ಮಾವ ಬಳಲಿದ್ದರು. ಉಬ್ಬಸ ಶುರುವಾಗಿತ್ತು. ಪೇಟೆಗೆ ಕರೆಂಟು ಬಂದು ಗ್ಲಾಸಿನ ವ್ಯಾಪಾರ ಇಳಿದಿತ್ತು, ಕಟ್ಟಡದವರು ಹಿಂದಿನ ಕೋಣೆ ಬಿಟ್ಟುಕೊಡಿ ಎನ್ನುತ್ತಿದ್ದರು. ಅಣ್ಣನ ಮನೆಯಲ್ಲೂ ನಮ್ಮ ಮನೆಯಲ್ಲೂ ಪಿಂಗಾಣಿಗೆ ಜಾಗವಿಲ್ಲ. ತಾನು ಸತ್ತರೆ ಈ ವಸ್ತುಗಳಿಗೆ ಯಾರು ಎಂಬ ಒಂದೇ ಚಿಂತೆ ಅವರಿಗೆ. ಆ ಹೊತ್ತಿಗೆ ದೂರದ ಒಂದು ಪಟ್ಟಣದ ಮ್ಯೂಸಿಯಮ್ಮಿನ ಅಧಿಕಾರಿಯೊಬ್ಬರು ಈ ದಾರಿಯಾಗಿ ಬಂದವರು ಕೋಣೆಯನ್ನು ನೋಡಿದರು. "ಬಿಡಿ ಬಿಡಿ ಸಾಮಾನು ನಮ್ಮಲ್ಲಿ ಉಂಟು. ಈ ಬಟ್ಟಲು ಐದೂ ಸೇರಿ ಪೂರ್ತಿ ಜೊತೆಯಾದ್ರೆ ಹೇಳಿ, ಎಲ್ಲವನ್ನೂ ಒಟ್ಟಿಗೆ ತಕೊಳ್ತೇವೆ, ಒಂದು ಗಾಜಿನ ಕಪಾಟು ಕೊಡ್ತೇವೆ," ಎಂದರು. ಅವರು ಹೋದ ಮೇಲೆ ಮಾವ ನಾಲ್ಕೂ ಬಟ್ಟಲುಗಳನ್ನು ಇಳಿಸಿ ಒರೆಸಲು ಕೂತರು. ನಾನು ಮಾತ್ರ ಕೂರಲಿಲ್ಲ. ನಾಳೆಯೇ ಪೆರಾಬೆಗೆ ಹೋಗುವ ಎಂದೆ.

ಉಪ್ಪಿನಂಗಡಿಗೆ ಹೋಗಿ ಕಡಬದ ಬಸ್ಸು ಹಿಡಿದೆವು. ಇಳಿದ ಮೇಲೆ ಗುಡ್ಡೆಯ ದಾರಿ. ಮಾವ ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಂಡರು. ಯಜಮಾನರು ಒಳ್ಳೆಯ ಮನುಷ್ಯ. ಕೂರಿಸಿ ಬೆಲ್ಲ ನೀರು ಕೊಟ್ಟರು, ಊಟಕ್ಕೆ ನಿಲ್ಲಿಸಿದರು.

"ಬಟ್ಟಲಾ? ಇದ್ದದ್ದು ಹೌದು. ಈಗ ಎಲ್ಲಿ ಉಂಟೋ ಮಾರಾಯ್ರೆ. ಹೆಂಗಸರ ಹತ್ತಿರ ಕೇಳ್ಬೇಕು."

ಮಾವ ನನ್ನ ಕಡೆ ನೋಡಿದರು. ನಾನು ಕೈ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋದೆ.

ಹಟ್ಟಿಯ ನೆರಳಿನಲ್ಲಿ ಕೆಲಸದ ಅಜ್ಜಿಯೊಬ್ಬರು ಕೂತಿದ್ದರು. ಮನೆಯಾಕೆ ಮೆಟ್ಟಿಲ ಮೇಲೆ ನಿಂತು, ತಾಗದ ಹಾಗೆ ಎತ್ತರದಿಂದ, ಕಾಫಿ ಹೊಯ್ಯುತ್ತಿದ್ದರು. ಕೆಳಗೆ ಅಜ್ಜಿ ಹಿಡಿದಿದ್ದದ್ದು ನಾವು ಹುಡುಕುತ್ತಿದ್ದ ಬಟ್ಟಲು. ನನಗೆ ಮೊದಲು ನಂಬಿಕೆ ಬರಲಿಲ್ಲ. ಉಳಿದ ನಾಲ್ಕರಲ್ಲಿ ನಾವು ಬರೀ ಊಹಿಸಿದ್ದ ಚಿನ್ನದ ಗೆರೆ ಇದರಲ್ಲಿ ಹಾಗೆಯೇ ಇತ್ತು. ಮುಕ್ಕಿಲ್ಲ, ಕರೆಯಿಲ್ಲ. ಇಷ್ಟು ವರ್ಷ ಕುಡಿದಾದ ಮೇಲೆ ಅಜ್ಜಿಯೇ ತೊಳೆದು, ಅವರೇ ಒರೆಸಿ, ಹಟ್ಟಿಯ ಗೋಡೆಯ ಗೂಡಿನಲ್ಲಿ ಇಟ್ಟುಕೊಂಡು ಬಂದದ್ದು. ಬೇರೆ ಯಾರೂ ಅದನ್ನು ಮುಟ್ಟಿರಲಿಲ್ಲ, ಯಾರೂ ಮುಟ್ಟುವಂತಿರಲಿಲ್ಲ.

ನಾನು ಓಡಿ ಬಂದು ಮಾವನ ಕಿವಿಯಲ್ಲಿ ಹೇಳಿದೆ. ಯಜಮಾನರಿಗೂ ಕೇಳಿಸಿತು. ಅವರು ನಕ್ಕು, ನಮ್ಮನ್ನು ಹಿತ್ತಿಲ ಬಾಗಿಲಿಗೆ ಕರೆದುಕೊಂಡು ಹೋದರು.

"ಅದಾ? ಅದಕ್ಕೆ ಪುತ್ತೂರಿಂದ ಬಂದದ್ದಾ ನೀವು? ತಕೊಂಡು ಹೋಗಿ. ಏ, ಅದನ್ನು ತೊಳೆದು ಕೊಡು ಇವರಿಗೆ."

ಅಜ್ಜಿ ಉಳಿದ ಕಾಫಿಯನ್ನು ಒಂದು ತೆಂಗಿನ ಗೆರಟೆಗೆ ಸುರಿದುಕೊಂಡರು. ಬಟ್ಟಲನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದು ನಿಂತರು. ಸಿಟ್ಟೇನೂ ಇರಲಿಲ್ಲ. ಮಾವ ಅದನ್ನು ಹುಲ್ಲಿನಲ್ಲಿ ಸುತ್ತುವುದನ್ನು ಕುತೂಹಲದಿಂದ ನೋಡುತ್ತಿದ್ದರು. ಆಮೇಲೆ ತುಳುವಿನಲ್ಲಿ ಕೇಳಿದರು, "ಧನಿಗಳೇ, ಪುತ್ತೂರಿನಲ್ಲಿ ಬಟ್ಟಲು ಸಿಗುದಿಲ್ವಾ?"

ಯಜಮಾನರು ಇನ್ನೂ ದೊಡ್ಡದಾಗಿ ನಕ್ಕರು. ಮಾವ ಹುಲ್ಲಿನ ಸುತ್ತಿಗೆ ದಾರ ಕಟ್ಟಿದರು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಐದೂ ಸಾಲಾಗಿ ಕೂತವು. ನನ್ನ ಸಂಭ್ರಮಕ್ಕೆ ಮಿತಿ ಇರಲಿಲ್ಲ. ಕ್ಲಾಸಿನ ಮೆಷಿನ್ನಿನಲ್ಲೇ ಮ್ಯೂಸಿಯಮ್ಮಿನವರಿಗೆ ಕಾಗದ ಟೈಪು ಮಾಡಿ ತಂದೆ. ಮಾವ ಅದನ್ನು ಓದಿ ಮಡಚಿಟ್ಟರು. ನಾಳೆ ಹಾಕುವ ಎಂದರು. ಮರುದಿನವೂ ಅದೇ ಮಾತು. ಒಂದು ದಿನ ನಾನು ಹೋಗುವಾಗ ಅವರ ಮುಂದೆ ಒಂದು ಹೊಸ ಸ್ಟೀಲ್ ಲೋಟ ಇತ್ತು, ಐದನೆಯ ಬಟ್ಟಲು ಪುನಃ ಹುಲ್ಲಿನಲ್ಲಿತ್ತು.

"ಎಂತ ಮಾವ ಇದು?"

"ವಾಪಸ್ಸು ಕೊಟ್ಟು ಬರುವ ಅಂತ."

"ನೀವು ಅದನ್ನು ಕೊಟ್ರೆ ಈ ಇಡೀ ಕೋಣೆ ಎಲ್ಲಿಗೆ ಹೋಗುದು?"

"ಗೊತ್ತಿಲ್ಲ."

"ಆ ಅಜ್ಜಿಗೆ ಒಂದು ಹೊಸ ಲೋಟ ಕೊಡುವ. ಇದುಂಟಲ್ಲ, ಚಂದ ಉಂಟು."

"ಅದಕ್ಕೇ ತಂದದ್ದು. ನಿನ್ನೆ ಇದರಲ್ಲಿ ಕಾಫಿ ಕುಡಿದು ನೋಡಿದೆ." ಅವರು ಲೋಟವನ್ನು ನನ್ನ ಕಡೆ ದೂಡಿದರು. "ತುಟಿ ಸುಟ್ಟಿತು."

ನಾನು ಅತ್ತೆ, ಜಗಳ ಮಾಡಿದೆ. ಅವರು ವಾದಿಸಲಿಲ್ಲ. ವಾದಿಸುವಷ್ಟು ಉಸಿರೂ ಅವರಲ್ಲಿರಲಿಲ್ಲ. "ಉಳಿದ ನಾಲ್ಕು ಯಾರಿಗೂ ಬೇಡದ್ದು ಕೂಸೇ. ಇದು ಹಾಗಲ್ಲ," ಎಂದಷ್ಟೇ ಹೇಳಿದರು. ಒಬ್ಬರನ್ನೇ ಕಳಿಸುವ ಸ್ಥಿತಿ ಇಲ್ಲದ್ದರಿಂದ ನಾನೂ ಹೋದೆ.

ಈ ಸಲ ಪೆರಾಬೆಯ ಯಜಮಾನರ ಮುಖ ಬಟ್ಟಲು ಕಂಡ ಕೂಡಲೇ ಬಿಗಿಯಿತು. "ಎಂತ ಮಾರಾಯ್ರೆ, ನಾವು ಕೊಟ್ಟದ್ದು ನಿಮಗೆ ಸಾಲದಾಯ್ತಾ?"

"ಹಾಗಲ್ಲ. ಅದು ಆ ಅಜ್ಜಿಯದ್ದು ಅಂತ ಕಂಡಿತು."

"ನನ್ನ ಅಪ್ಪನ ಪಾಲಿಗೆ ಬಂದದ್ದು ಕೆಲಸದವಳದ್ದು ಹೇಗೆ ಆಗುದು? ಹೇಳಿ."

ಮಾವ ಬಟ್ಟಲನ್ನು ಎತ್ತಿಕೊಂಡರು. ಮೊಣಕೈ ಒತ್ತಿಕೊಂಡು, ಅಂಗಳ ದಾಟಿ, ತಾವೇ ಹಟ್ಟಿಯ ಕಡೆ ಹೋದರು. ಅಜ್ಜಿ ಎದ್ದು ನಿಂತರು. ನೆಲ ತೋರಿಸಿ, ಅಲ್ಲಿ ಇಡಿ ಎಂದರು.

"ಇಟ್ರೆ ಒಡೆದೀತು. ಕೈಯಲ್ಲಿ ಹಿಡಿಯಿರಿ," ಎಂದರು ಮಾವ.

ಅಜ್ಜಿ ಒಮ್ಮೆ ಅಂಗಳದಲ್ಲಿದ್ದ ಯಜಮಾನರ ಕಡೆ ನೋಡಿದರು. ಮಾವ ಚಾಚಿದ ಕೈ ಹಿಂದೆ ತೆಗೆಯಲಿಲ್ಲ, ಬಟ್ಟಲು ಬೆರಳ ತುದಿಗೆ ಜಾರಿತ್ತು. ಬೀಳುತ್ತದೆ ಎಂದು ಹೆದರಿಯೋ ಏನೋ, ಅಜ್ಜಿ ತೆಗೆದುಕೊಂಡರು. ಮಗುಚಿ, ತಿರುಗಿಸಿ, ಸರಿಯಿದೆಯೇ ಎಂದು ನೋಡಿದರು.

"ಹಾಗಾದ್ರೆ ಪುತ್ತೂರಿನಲ್ಲಿ ಸಿಕ್ಕಿತಾ ನಿಮಗೆ ಬೇರೆ?"

"ಸಿಕ್ಕಿತು," ಎಂದರು ಮಾವ.

ಆ ದಿನ ನಮಗೆ ಯಾರೂ ಬೆಲ್ಲ ನೀರು ಕೊಡಲಿಲ್ಲ. ಗುಡ್ಡೆ ಇಳಿದು ಮೋರಿಯ ಕಟ್ಟೆಯಲ್ಲಿ ಕೂತು ಬಸ್ಸಿಗೆ ಕಾದೆವು. ಮಾವ ಬಾಯಿ ತೆರೆದು ಉಸಿರಾಡುತ್ತಿದ್ದರು. ಒಳ್ಳೆಯದು ಮಾಡಿದ ಮುಖ ಅದಾಗಿರಲಿಲ್ಲ, ಬರೀ ಸುಸ್ತಾದ ಮುಖ.

ಸುದ್ದಿ ನಮಗಿಂತ ಮೊದಲು ಪೇಟೆ ತಲುಪಿತ್ತು. ಕೊಟ್ಟದ್ದನ್ನು ಮನೆಯ ಯಜಮಾನರ ಎದುರೇ ಆಳಿನ ಕೈಗೆ ಕೊಟ್ಟು ಬಂದವರು ಎಂದ ಮೇಲೆ ಹೆಚ್ಚಿನ ಮನೆಗಳ ಬಾಗಿಲು ಮಾವನಿಗೆ ಮುಚ್ಚಿತು. ನಾಲಿಗೆಯ ಕತೆಗೆ ನಕ್ಕವರು ಇದಕ್ಕೆ ನಗಲಿಲ್ಲ. ಮ್ಯೂಸಿಯಮ್ಮಿನವರು ಮತ್ತೊಮ್ಮೆ ಬಂದರು. ಸುಣ್ಣದ್ದು, ಕರೆಯದ್ದು, ಮುಕ್ಕಿನದ್ದು, ಬಿರುಕಿನದ್ದು, ನಾಲ್ಕನ್ನೂ ಮರ್ಯಾದೆಗೆ ಒಮ್ಮೊಮ್ಮೆ ಎತ್ತಿ ನೋಡಿ ಕೆಳಗಿಟ್ಟರು. "ಐದನೆಯದು ಸಿಗ್ಲಿಲ್ವಾ?" ಎಂದು ಕೇಳಿದರು. ಇಲ್ಲ ಎಂದರು ಮಾವ. ಅವರು ಪುನಃ ಬರಲಿಲ್ಲ.

ಮಾವ ಮಹಾತ್ಮರೇನಲ್ಲ. ಆಮೇಲೆ ಅವರು ಸಿಡುಕುತ್ತಿದ್ದರು. ಒರೆಸುವಾಗ ವಸ್ತುಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದರು. ಒಮ್ಮೆ ತಾವಾಗಿಯೇ ಹೇಳಿದರು, "ಕೊಡಬಾರದಿತ್ತು ಅಂತ ಎಷ್ಟೋ ಸಲ ಅನಿಸ್ತದೆ. ಆ ಅಜ್ಜಿಗೆ ಯಾವುದಾದ್ರೂ ಒಂದೇ ಆಗಿರ್ತಿತ್ತು. ಇಲ್ಲಿ ಒಂದು ಕೋಣೆ ತುಂಬ ಸಾಮಾನು ದಾರಿಯಲ್ಲಿ ಬೀಳ್ತದೆ." ಹಾಗಾದರೆ ಹೋಗಿ ತರುವ ಎಂದೆ, ನನ್ನ ಬುದ್ಧಿ ಅಷ್ಟೇ. "ಇಲ್ಲ, ಗುಡ್ಡೆ ಹತ್ತಲಿಕ್ಕೆ ಆಗುದಿಲ್ಲ," ಎಂದು ಮುಖ ತಿರುಗಿಸಿದರು. ಕಾರಣ ಗುಡ್ಡೆ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅಂಗಡಿ ಮುಚ್ಚಿತು. ಮಾವನನ್ನು ಕಬಕದ ನಮ್ಮ ಮನೆಗೆ ಕರೆತಂದೆವು. ವಸ್ತುಗಳು ಹುಲ್ಲಿನ ಪೆಟ್ಟಿಗೆಗಳಲ್ಲಿ ಸೌದೆಯ ಕೊಟ್ಟಿಗೆ ಸೇರಿದವು. ಅಮ್ಮ ಅದಕ್ಕಿಂತ ಒಂದು ಹೆಜ್ಜೆ ಒಳಗೆ ಬಿಡಲಿಲ್ಲ. ತಮ್ಮನ ಮೇಲೆ ಪ್ರಾಣ ಇಟ್ಟವಳು, ಆದರೆ ಮಡಿ ಎಂದರೆ ಮಡಿ.

ಕೊನೆಯ ಆ ಮಳೆಗಾಲದಲ್ಲಿ ಗಂಜಿಯ ತಿಳಿ ಬಿಟ್ಟರೆ ಬೇರೇನೂ ಅವರಿಗೆ ಸೇರುತ್ತಿರಲಿಲ್ಲ. ಒಂದು ಬೆಳಗ್ಗೆ ಹಿತ್ತಾಳೆಯ ಲೋಟವನ್ನು ದೂರ ಮಾಡಿ ನನಗೆ ಹೇಳಿದರು, "ಆ ಬಟ್ಟಲಿನಲ್ಲಿ ಒಂದು ತಾ. ಬೆಕ್ಕಿನದ್ದು ಸಾಕು."

ಅಮ್ಮ ಒಳಗಿಂದಲೇ ಕೇಳಿಸಿಕೊಂಡಳು. "ಎಂತ ಹೇಳ್ತಿ ನೀನು? ಬೆಕ್ಕು ನೆಕ್ಕಿದ್ದರಲ್ಲಿ ಗಂಜಿಯಾ?"

"ಬೆಕ್ಕು ಸತ್ತು ಯಾವ ಕಾಲವಾಯಿತು ಅಕ್ಕ."

"ಪಿಂಗಾಣಿ ಒಳಗೆ ಬರುದಿಲ್ಲ."

"ಅದು ಒಳಗೆ ಬರುದು ಬೇಡ. ನನ್ನನ್ನು ಹೊರಗೆ ಮಲಗಿಸು."

ತಮಾಷೆ ಎಂದುಕೊಂಡೆವು. ತಮಾಷೆ ಅಲ್ಲ. ಎರಡು ಹೊತ್ತು ಅವರು ಗಂಜಿಗೆ ಬಾಯಿ ತೆರೆಯಲಿಲ್ಲ. ಸಂಜೆ ಹೊತ್ತಿಗೆ ಅಪ್ಪನೂ ನಾನೂ ಸೇರಿ ಜಗಲಿಯಲ್ಲಿ ಚಾಪೆ ಹಾಸಿ, ಮಳೆಯ ಇರಿಚಲು ಬೀಳದ ಕಡೆ ಅವರನ್ನು ಮಲಗಿಸಿದೆವು. "ಇಷ್ಟು ವರ್ಷ ಇಟ್ಟುಕೊಂಡೆ, ಒರೆಸಿದೆ," ಎಂದರು ನನಗೆ, ಮಾತಿಗೊಮ್ಮೆ ನಿಂತು. "ಒಂದು ದಿನವೂ ಒಂದರಲ್ಲಿ ಕುಡಿಯಲಿಲ್ಲ ನೋಡು. ಮಾಡಿದವ ಕುಡೀಲಿಕ್ಕೆ ಅಂತ ಮಾಡಿದ್ದಲ್ವಾ."

ನಾನು ಮುಕ್ಕು ಬಟ್ಟಲನ್ನು ತೊಳೆದು ಅವರ ಕೈಗೆ ಕೊಟ್ಟು, ಬೆನ್ನಿಗೆ ಆಸರೆಯಾಗಿ ಕೂತೆ. ಅಮ್ಮ ಗಂಜಿಯ ತಿಳಿ ತಂದಳು. ಹೊಸ್ತಿಲಲ್ಲಿ ನಿಂತು, ಪಾತ್ರೆಗೆ ಬಟ್ಟಲು ತಾಗದ ಹಾಗೆ, ಎತ್ತರದಿಂದ ಹೊಯ್ದಳು. ಅವಳು ಯೋಚಿಸಿ ಮಾಡಿದ್ದಲ್ಲ. ಪಿಂಗಾಣಿ ಹಿಡಿದು ಜಗಲಿಯಾಚೆ ಕೂತವರಿಗೆ ಅವಳ ಕೈ ಜೀವಮಾನವಿಡೀ ಹಾಗೆಯೇ ಹೊಯ್ದು ಅಭ್ಯಾಸ. ಮಾವ ಬಟ್ಟಲು ಎತ್ತಿ ಹಿಡಿದಿದ್ದರು, ಕಣ್ಣು ಅಕ್ಕನ ಮುಖದ ಕಡೆ. ತಿಳಿ ಅವರ ಮಣಿಕಟ್ಟಿನ ಮೇಲೆ ಸಿಡಿಯಿತು. ಅಮ್ಮನ ಕೈ ಅರ್ಧದಲ್ಲಿ ನಿಂತಿತು. ಅವಳು ಹೊಸ್ತಿಲು ಇಳಿದು ಬಂದು ಚಾಪೆಯ ಪಕ್ಕದಲ್ಲಿ ಕೂತು, ತಮ್ಮನ ಮಣಿಕಟ್ಟನ್ನು ಸೆರಗಿನಲ್ಲಿ ಒರೆಸಿ, ಉಳಿದದ್ದನ್ನು ಬಟ್ಟಲಿನ ಅಂಚಿಗೆ ಪಾತ್ರೆ ತಾಗಿಸಿ ಹೊಯ್ದಳು. ಮಾವ ಪೂರ್ತಿ ಕುಡಿದರು. ಆ ದಿನಗಳಲ್ಲಿ ಅಷ್ಟು ಕುಡಿದದ್ದು ಅದೇ ಮೊದಲು.

ಆಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಇರುವಷ್ಟು ದಿನ ಜಗಲಿಯಲ್ಲೇ ಇದ್ದರು, ಆ ಬಟ್ಟಲಿನಲ್ಲೇ ಕುಡಿದರು. ಹೋದದ್ದು ಒಂದು ಮಧ್ಯಾಹ್ನ, ನಿದ್ದೆಯಲ್ಲಿ, ಮಳೆ ಸ್ವಲ್ಪ ಬಿಟ್ಟಿದ್ದಾಗ.

ಹದಿಮೂರನೆಯ ದಿನದ ಊಟಕ್ಕೆ ಬಂದವರಲ್ಲಿ ಕೆಲವರು ಸೌದೆ ಕೊಟ್ಟಿಗೆಯ ಪೆಟ್ಟಿಗೆಗಳನ್ನು ನೋಡಿ, ಇನ್ನು ಇದನ್ನೆಲ್ಲ ಎಂತ ಮಾಡ್ತೀರಿ ಎಂದು ಕೇಳಿದರು. ಈಗ ನಾನು ದಿನಾ ಬೆಳಗ್ಗೆ ಒರೆಸುತ್ತೇನೆ. ಕೆಲಸ ಬೇಸರದ್ದೇ. ಬಟ್ಟೆ ಹಿಡಿದ ಕೈಗೆ ವಸ್ತುವಿನ ಮೈ ತಿಳಿಯುವ ಆ ಒಂದು ಕ್ಷಣ ಇಲ್ಲದಿದ್ದರೆ ಯಾವತ್ತೋ ಬಿಡುತ್ತಿದ್ದೆ. ಆ ಕ್ಷಣ ಅವರದ್ದೇ, ನನಗೆ ಕೊಟ್ಟು ಹೋದದ್ದು.

ಊಟದ ಮರುದಿನ ನಾನು ಎದ್ದು ಬರುವಾಗ ಕೊಟ್ಟಿಗೆಯ ಒಂದು ಪೆಟ್ಟಿಗೆ ತೆರೆದಿತ್ತು, ಹುಲ್ಲು ಅಂಗಳದವರೆಗೆ ಚೆಲ್ಲಿತ್ತು. ಕದ್ದರೇನೋ ಎಂದು ಒಳಗೆ ಓಡಿದೆ. ಅಡುಗೆಕೋಣೆಯಲ್ಲಿ ಅಮ್ಮ ಒಲೆಯ ಮುಂದೆ ಕೂತಿದ್ದಳು. ನಾಲ್ಕೂ ಬಟ್ಟಲುಗಳು ತೊಳೆದು, ಹಿತ್ತಾಳೆ ಲೋಟಗಳ ಸಾಲಿನ ಪಕ್ಕದಲ್ಲಿ ಮಗುಚಿ ಇದ್ದವು. ಅವಳು ಒಂದನ್ನು ಎತ್ತಿ, ಕಾಫಿ ಹೊಯ್ದು, ನನ್ನ ಮುಖ ನೋಡದೆ ನನ್ನ ಮುಂದೆ ಇಟ್ಟಳು.

"ಬಿಸಿ ಉಂಟು," ಎಂದಳು. "ಅದಕ್ಕೆ ಹಿಡಿ ಇಲ್ಲ, ಎರಡೂ ಕೈಯಲ್ಲಿ ತಕೊಳ್ಬೇಕು."